ಮಾಶಾಬಿಯ ಬೈಗುಳ

ಕುಷ್ಟಗಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನೀರೆರೆಯಲು ಮಾಶಾಬಿಯೇ ಬರಬೇಕು. ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಲು ಶುರುಮಾಡಿದಳೆಂದರೆ ಆಕೆಯ ಬಾಯಿಯೂ ಶುರುವಾಗುತ್ತಿತ್ತು. ಬರೀ ಬೈಗುಳ. ಚೆಂದದ ಕೂಸನ್ನು ಚೆಂದ ಅಂದರೆ ದೃಷ್ಟಿ ತಾಗುತ್ತದಂತೆ. ಹಾಗಾಗಿ ಕೆಂಪಗಿನ ಕೂಸೂ ಆಕೆಗೆ ಕರಿಮೂತಿ, ಗುಂಡುಗುಂಡಗಿನದೂ ಒಣಕಲು. ಕೂಸು ‘ಊಂ’ ಎಂದರೆ ಕೈ ನಿಲ್ಲಿಸಿ, ಎದುರಾಡುತ್ತೀಯಾ ಎಂದು ಜಗಳ ತೆಗೆಯುತ್ತಿದ್ದಳು. ಕೂಸು ಮತ್ತೆ ‘ಊಂ’ ಎನ್ನುವವರೆಗೂ ಕಾಯುತ್ತಿದ್ದಳು. ಕೊನೆಗೆ ಥೂ ಥೂ ಎಂದು ಉಗಿದಂತೆ ಮಾಡಿ, ಅರಿವೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಡುತ್ತಿದ್ದಳು.

ನಮ್ಮ ಎದುರು ಮನೆಯ ಪ್ರಭುರಾಜನಿಗೂ ಎರೆದವಳು ಆಕೆಯೇ. ಈಗ ಅವನದು ಹನಿ ನೀರಾವರಿ ಪೈಪಿನ ಅಂಗಡಿ. ಬುದ್ಧಿಯೆಲ್ಲ ಫೋನಿನಿಂದ ಬಂದದ್ದು. ಮಗಳು ಹುಟ್ಟಿದಾಗ, ಎಳೆಗೂಸಿನ ಮಿದುಳು ಕೇಳಿದ್ದರಿಂದಲೇ ತನ್ನ ಜಾಲ ಹೆಣೆದುಕೊಳ್ಳುತ್ತದೆ ಎಂದು ಎಲ್ಲೋ ನೋಡಿದ. ಮಾತು ಖರೆಯೇ. ಆದರೆ ಆ ಮಹಾರಾಯ ಅದರಿಂದ ಏನು ತಿಳಿದುಕೊಂಡ ನೋಡಿ: ಬೈಗುಳ ಕೇಳಿದರೆ ಮಿದುಳಿನಲ್ಲಿ ಬೈಗುಳವೇ ಕೂರುತ್ತದೆ! ಮಾಶಾಬಿಗೆ ಬಾಯಿ ಮುಚ್ಚಿಕೊಂಡು ಎರೆಯಬೇಕೆಂದು ಅಪ್ಪಣೆಯಾಯಿತು. ಹೆಂಡತಿ ನೇತ್ರಾವತಿಯ ಜೋಗುಳವೂ ಬಂದ್ ಆಯಿತು. ತೊಟ್ಟಿಲಿಗೆ ಒಂದು ಫೋನು ಕಟ್ಟಿದ. ಬೆಳಗಿನಿಂದ ಸಂಜೆತನಕ ಅದರಲ್ಲಿ ಇಂಗ್ಲಿಷ್ ಹಾಡು, ಕುಣಿಯುವ ಬಣ್ಣದ ಚೆಂಡು.

ನೋಡಿ ನನಗೆ ಹೇಸಿಗೆಯಾಯಿತು. ಎಮ್ಮೆಗೆ ಮೇವು ಹಾಕುವಾಗಲೂ ನಾವು ನಾಲ್ಕು ಮಾತಾಡುತ್ತೇವೆ. ಇಲ್ಲಿ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಹತ್ತಿರ ಯಾರೂ ತುಟಿ ಬಿಚ್ಚುವಂತಿಲ್ಲ. ಮಾಶಾಬಿ ಮೂಕಿಯಂತೆ ಎರೆದು ಹೋಗುತ್ತಿದ್ದಳು.

ಐದು ತಿಂಗಳಾದರೂ ಕರೆದರೂ ಕೂಸು ತಿರುಗಲಿಲ್ಲ, ‘ಊಂ’ ಎನ್ನಲಿಲ್ಲ. ಕಿವುಡೇನೋ ಎಂದು ಹೆದರಿ ಕೊಪ್ಪಳಕ್ಕೆ ಒಯ್ದರು. ಅಲ್ಲಿ ನಡೆದದ್ದನ್ನು ನೇತ್ರಾವತಿ ಅಳುತ್ತ ನನಗೆ ಹೇಳಿದಳು. ಕಿವಿ ಚೆನ್ನಾಗಿದೆ, ಇದರ ಜೊತೆ ಮಾತಾಡುವವರು ಯಾರು ಎಂದು ಡಾಕ್ಟರಮ್ಮ ಕೇಳಿದರಂತೆ. ಪ್ರಭುರಾಜ ಹೆಮ್ಮೆಯಿಂದ ಫೋನು ತೋರಿಸಿದನಂತೆ. ಕೂಸು ದನಿ ಮಾಡಿದಾಗ ಎದುರಿನ ಮುಖ ಮರುದನಿ ಕೊಡಬೇಕು, ಆ ಕೊಡುಕೊಳ್ಳುವಿಕೆಯಲ್ಲೇ ಮಿದುಳಿನ ಎಳೆಗಳು ಕೂಡಿ ಗಟ್ಟಿಯಾಗುತ್ತವೆ, ಬಳಸದವು ಸೊರಗುತ್ತವೆ, ಫೋನು ಯಾರಿಗೂ ಮರುದನಿ ಕೊಡುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರಂತೆ. ಕಾಲ ಇನ್ನೂ ಮೀರಿಲ್ಲ, ಇವತ್ತಿನಿಂದಲೇ ಮಾತಾಡಿಸಿ ಎಂದರಂತೆ.

ಮರುದಿನ ಮಾಶಾಬಿಗೆ ಬೈಯಲು ಪರವಾನಗಿ ಸಿಕ್ಕಿತು. ನಾನೂ ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಆಕೆ ಎಷ್ಟು ಕರೆದರೂ ಕೂಸಿನ ಕಣ್ಣು ಆಕೆಯ ತಲೆಯ ಮೇಲೆಲ್ಲೋ, ಫೋನಿನ ಬೆಳಕನ್ನೇ ಹುಡುಕುತ್ತಿದ್ದವು. ಮಾಶಾಬಿ ಗಕ್ಕನೆ ಪ್ರಭುರಾಜನ ಕಡೆ ತಿರುಗಿದಳು.

“ಥೂ ನಿನ್ನ. ನಿನಗೂ ಹೀಂಗ ಬೈಕೋಂತ ಎರದೇನಿ. ಮನಿ ತುಂಬ ಮಂದಿ ಇಟ್ಕೊಂಡು ಕೂಸಿನ್ನ ಪರದೇಶಿ ಮಾಡಿಯಲ್ಲೋ.”

ಈ ಥೂ ದೃಷ್ಟಿ ತೆಗೆಯುವ ಥೂ ಅಲ್ಲ. ಆ ದನಿಗೆ ಕೂಸಿನ ಕಣ್ಣು ಕೆಳಗಿಳಿದು ಆಕೆಯ ತುಟಿಯ ಮೇಲೆ ನಿಂತವು. ಬಾಯಿ ಸಣ್ಣಗೆ ತೆರೆಯಿತು.

“ಊಂ.”

“ಏನ್ಲೇ ಕರಿಮೂತಿ, ನನಗ ಎದುರಾಡ್ತಿ?” ಮಾಶಾಬಿ ಕೇಳಿದಳು. ಆಕೆಯ ಕಣ್ಣು ತುಂಬಿದ್ದವು. ಕೂಸು ಮತ್ತೆ ‘ಊಂ’ ಎಂದಿತು.

ಪ್ರಭುರಾಜನ ಮುಖ ಅರಳಿತು. ಮಗಳ ಮೊದಲ ಮಾತಿಗೆ ಆ ಪುಣ್ಯಾತ್ಮ ಮಾಡಿದ್ದೇನು? ಜೇಬಿನಿಂದ ಫೋನು ತೆಗೆದು, ದೀಪ ಹಚ್ಚಿ, ವಿಡಿಯೊ ಹಿಡಿಯಲು ಬಗ್ಗಿದ. ಕೂಸಿನ ಕಣ್ಣು ಮಾಶಾಬಿಯನ್ನು ಬಿಟ್ಟು ಆ ಬೆಳಕಿಗೆ ಅಂಟಿಕೊಂಡವು. ಬಾಯಿ ಮುಚ್ಚಿಹೋಯಿತು.

ಮಾಶಾಬಿಗೆ ಉಗಿಯುವುದಕ್ಕೂ ಮನಸ್ಸಾಗಲಿಲ್ಲ. ನೇತ್ರಾವತಿಯೇ ಗಂಡನ ಕೈಯಿಂದ ಫೋನು ಕಸಿದು, ಕಾಯುತ್ತಿದ್ದ ನೀರಿನ ಹಂಡೆಯೊಳಗೆ ಬಿಟ್ಟಳು.

“ನೀವು ಬಾಯಿ ನಿಲ್ಲಸಬ್ಯಾಡ್ರಿ, ಅವ್ವ,” ಎಂದಳು.