ರಾತ್ರಿಯ ಹಾಲು

ನನ್ನ ಮಗಳು ಹುಟ್ಟಿದ್ದು ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ, ಹೊಳಲಿನಲ್ಲಿ, ಗಂಡನ ಮನೆಯಲ್ಲಿ. ತವರಿನಲ್ಲಿ ಬಾಣಂತನ ಮಾಡಲು ನನಗೆ ತಾಯಿ ಇರಲಿಲ್ಲ. ಅದನ್ನು ಅತ್ತೆ ಒಂದು ದಿನವೂ ಮರೆಯಲು ಬಿಡಲಿಲ್ಲ.

ಬಾಣಂತಿ ಕೋಣೆಗೆ ಶೀತ ನುಗ್ಗಬಾರದೆಂದು ಇದ್ದೊಂದು ಕಿಟಕಿಗೆ ಗೋಣಿಚೀಲ ತುರುಕಿದ್ದರು. ಹಗಲೆಲ್ಲ ಕತ್ತಲು, ಕೆಂಡದ ಹೊಗೆ. ಸಂಜೆಯಾದರೆ, ಕೂಸಿಗೆ ದೆವ್ವದ ಗಾಳಿ ಸೋಕದಿರಲೆಂದು ತಲೆದೆಸೆಯಲ್ಲಿ ಹರಳೆಣ್ಣೆ ದೀಪ. ಬೆಳಗಾಗುವವರೆಗೆ ಅದು ಆರುವಂತಿರಲಿಲ್ಲ. ಕೂಸು ಕತ್ತಲಿದ್ದಾಗ ನಿದ್ದೆ ಮಾಡಿತು, ಬೆಳಕಿದ್ದಾಗ ಕಣ್ಣು ಬಿಟ್ಟಿತು. ಅದರ ತಪ್ಪೇನು? ಆದರೆ ರಾತ್ರಿಯಿಡೀ ಅಳುವ ಹೆಣ್ಣುಕೂಸನ್ನು ತಾಳಿಕೊಳ್ಳುವವರು ಆ ಮನೆಯಲ್ಲಿರಲಿಲ್ಲ.

“ಗೂಬೆ ಹೆತ್ತವ್ಳೆ,” ಎಂದರು ಅತ್ತೆ ಸೂಲಗಿತ್ತಿಗೆ. “ಇವ್ಳ ರಾತ್ರಿ ಆಲು ನಂಜು ಕಣಮ್ಮ. ಅದ್ಕೇ ಕೂಸು ಮಲಗಾಕಿಲ್ಲ.”

ಅಂದಿನಿಂದ ಹೊತ್ತು ಮುಳುಗುತ್ತಲೇ ಕೂಸನ್ನು ತಮ್ಮ ಮಗ್ಗುಲಿಗೆ ಒಯ್ದು ಒಳಲೆಯಲ್ಲಿ ಆಡಿನ ಹಾಲು ಕುಡಿಸುತ್ತಿದ್ದರು. ಗೋಡೆಯ ಈಚೆ ನಾನು ಅದರ ಅಳು ಕೇಳುತ್ತ, ಕಲ್ಲಾದ ಎದೆ ಹಿಂಡಿ ಹಾಲನ್ನು ಬೂದಿಗೆ ಚೆಲ್ಲುತ್ತಿದ್ದೆ.

“ಒಂದ್ ರಾತ್ರಿ ನನ್ ಮಗ್ಗುಲಲ್ಲಿ ಮಲಗಿಸ್ಕೊತೀನಿ ಅತ್ತೆ,” ಎಂದು ಬೇಡಿಕೊಂಡೆ.

“ಸುಮ್ಕಿರು. ನಿಮ್ಮವ್ವ ಇದ್ದಿದ್ರೆ ಇವೆಲ್ಲ ಕಲಿಸಿರೋಳು.”

ಗಂಡ ಕೇಳಿಸಿಕೊಂಡೂ ಗದ್ದೆಗೆ ಹೋದರು. ಚೆಲ್ಲಿ ಚೆಲ್ಲಿ ಹಗಲಿನ ಹಾಲೂ ಬತ್ತಿತು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನುತ್ತಾರಲ್ಲ, ಅದಕ್ಕೂ ಬೈಸಿಕೊಂಡವಳು ನಾನೇ.

ಮೊನ್ನೆ ಮೊಮ್ಮಗಳ ಬಾಣಂತನದಲ್ಲಿ ಡಾಕ್ಟರಮ್ಮ ಹೇಳಿದರು: ಎಳೆಗೂಸಿನ ಮೈಗೆ ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಯುವುದಿಲ್ಲವಂತೆ. ನಿದ್ದೆಯ ಹೊತ್ತನ್ನು ತಿಳಿಸುವ ಮೆಲಟೋನಿನ್ ಎಂಬುದು ತಾಯಿಯ ರಾತ್ರಿಯ ಹಾಲಿನಲ್ಲಿ ಇರುತ್ತದಂತೆ. ಅತ್ತೆ ನಂಜು ಎಂದರಲ್ಲ, ಅದೇ ಹಾಲು. ಹಳೆಯದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಪಾಪ, ಆ ಕಾಲದವರಿಗೇನು ಗೊತ್ತು ಎಂದಳು ಮೊಮ್ಮಗಳು. ಹಾಗೆಂದು ಮನ್ನಿಸಲು ನನ್ನಿಂದಾಗದು.

ಏಕೆಂದರೆ ಅಂದು, ನನ್ನ ಬಾಣಂತನ ಮುಗಿದ ಮುಂದಿನ ಸುಗ್ಗಿಗೆ, ಅತ್ತೆಯ ಮಗಳು ಮದ್ದೂರಿನಿಂದ ಹೆರಿಗೆಗೆ ಬಂದಳು. ಅದೇ ಕೋಣೆ, ಅದೇ ದೀಪ. ಅವಳ ಕೂಸೂ ರಾತ್ರಿಯೆಲ್ಲ ಅತ್ತಿತು. ಅವಳು ಕಣ್ಣೀರಿಟ್ಟಾಗ ಅತ್ತೆ ಕೂಸನ್ನೆತ್ತಿ ಅವಳ ಎದೆಗೇ ಕೊಟ್ಟು ತಲೆ ಸವರಿದರು.

“ಅಳ್ಬ್ಯಾಡ ಕಣವ್ವ. ಎಳೆ ಕೂಸ್ಗೆ ಅಗ್ಲು ರಾತ್ರಿ ಎಲ್ಲಿ ಗೊತ್ತಾದದು? ಆಲು ಕೊಡ್ತಾ ಇರು, ತಾನಾಗೇ ಕಲೀತದೆ.”

ಬಿಸಿನೀರಿನ ಚೊಂಬು ಹಿಡಿದು ನಾನು ಬಾಗಿಲಲ್ಲೇ ನಿಂತಿದ್ದೆ. ನನಗೆ ಕೇಳಿಸುತ್ತದೆ ಎಂಬ ಅಳುಕೂ ಅವರಿಗಿರಲಿಲ್ಲ.