‘ಬೇಡ’ ಎಂಬ ಹೆಸರಿನ ಫೈಲು

ಕಾಲೇಜಿನ ಕಂಪ್ಯೂಟರುಗಳಿಗೆ ಬೇಕಾಗುವ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ಜೋಪಾನ ಮಾಡುವುದು ಅವಳ ಕೆಲಸ. ಹೆಸರು ನೋಡಿ ಯಾವ ಫೈಲನ್ನೂ ಒಳಗೆ ಬಿಟ್ಟುಕೊಂಡವಳಲ್ಲ. ಮೊದಲು ಅದರ ಹ್ಯಾಶ್ ತೆಗೆಯುತ್ತಾಳೆ. ಇಡೀ ಫೈಲನ್ನು ಅರೆದು ಕಂಪ್ಯೂಟರು ಕೊಡುವ ಅಕ್ಷರ, ಅಂಕಿಗಳ ಉದ್ದನೆಯ ಸಾಲು ಅದು. ಫೈಲಿನೊಳಗೆ ಒಂದು ಚುಕ್ಕೆ ಆಚೀಚೆಯಾದರೂ ಸಾಲು ಗುರುತೇ ಸಿಗದಂತೆ ಬದಲಾಗುತ್ತದೆ.

“ಮನೆಗೆ ಬಂದ ನೆಂಟರಿಗೂ ಹ್ಯಾಶ್ ಕೇಳ್ತಾಳೆ” ಎಂದು ಅಕ್ಕ ಆಡಿಕೊಳ್ಳುವುದುಂಟು.

ಆ ಅಕ್ಕನೇ ಇವತ್ತು ಅವಳನ್ನು ಅಂಗಡಿಗೆ ಕರೆಸಿಕೊಂಡಿದ್ದಳು. ಕಿವಿ ಮಷೀನು ಮಾರಿ, ಒಬ್ಬೊಬ್ಬರ ಕಿವಿಗೂ ಹೊಂದಿಸಿಕೊಡುವ ಪುಟ್ಟ ಅಂಗಡಿ. ಅಪ್ಪನ ಮಷೀನನ್ನು ಹೊಂದಿಸುವಾಗಲೇ ಸಾಫ್ಟ್‌ವೇರು ಕೈಕೊಟ್ಟಿತ್ತು. ಮತ್ತೆ ಹಾಕುವ ಪ್ಯಾಕೇಜು ತಪ್ಪಿದರೆ ಮಷೀನೇ ಹೋದೀತು. ಅಪ್ಪ ಗಾಜಿನ ಬಾಗಿಲ ಪಕ್ಕ ಕೂತು, ಏನೂ ಕೇಳಿಸದೆ, ಎಲ್ಲರತ್ತಲೂ ನಗುತ್ತಿದ್ದರು.

ಕಂಪ್ಯೂಟರಿನಲ್ಲಿ ಮೂರು ಫೈಲು: ‘ಒಳ್ಳೇದು’, ‘ಇದೇ ಇರಲಿ’, ‘ಬೇಡ’.

“ಇದೇನಕ್ಕಾ ಹೆಸರುಗಳು?”

“ಕಂಪನಿಯವರು ಇಟ್ಟ ಹೆಸರು ನಾಲಿಗೆ ಮೇಲೇ ನಿಲ್ಲಲ್ಲ ಕಣೇ. ನನಗೆ ತಿಳಿಯೋ ಹಾಗೆ ಬದಲಾಯಿಸಿದೆ. ಹಾಳಾಯ್ತಾ?”

“ಇಲ್ಲ. ಹೆಸರು ಬದಲಾದ್ರೆ ಹ್ಯಾಶ್ ಬದಲಾಗಲ್ಲ.”

ಕಂಪನಿಯವರು ತಮ್ಮ ಪುಟದಲ್ಲಿ ಪ್ರಕಟಿಸಿದ ಹ್ಯಾಶನ್ನು ತೆರೆದಿಟ್ಟುಕೊಂಡಳು. ‘ಒಳ್ಳೇದು’ ಮೊದಲ ಅಕ್ಷರದಲ್ಲೇ ಮುಗ್ಗರಿಸಿತು. ‘ಇದೇ ಇರಲಿ’ಯದು ‘ಒಳ್ಳೇದು’ವಿನ ಸಾಲೇ, ಒಂದೇ ಫೈಲಿಗೆ ಎರಡು ಹೆಸರು. ‘ಬೇಡ’ದ ಸಾಲಿನ ಮೇಲೆ ಬೆರಳಿಟ್ಟು ಸಾಗಿದಳು. ಕೊನೆಯವರೆಗೂ ತಾಳೆಯಾಯಿತು.

“ಅಸಲಿ ಇದು. ಬೇಡ ಅಂತ ಯಾಕಿಟ್ಟೆ?”

“ಮಾತುಮಾತಿಗೂ ಒಪ್ಪಿಗೆ ಕೇಳ್ತಿತ್ತು, ತಲೆಹರಟೆ. ಪಕ್ಕದ ಅಂಗಡಿಯವನು ಕೊಟ್ಟದ್ದು ಬಾಯಿ ಮುಚ್ಕೊಂಡು ಕೆಲಸ ಮಾಡ್ತು ನೋಡು.”

“ಅಷ್ಟಕ್ಕೇ ಒಳ್ಳೇದಾಯ್ತಾ?”

“ಮತ್ತೆ? ನಿಮ್ಮ ಭಾವ ಒಳ್ಳೆಯವರು ಅನ್ನಿಸ್ಕೊಂಡಿರೋದೂ ಅದಕ್ಕೇ.”

ನಗು ಬಂದರೂ ಅವಳ ಕಣ್ಣು ‘ಒಳ್ಳೇದು’ವಿನ ಮೇಲೇ ಇತ್ತು. ಯಾರು ಇದರೊಳಗೆ ಕೈಯಾಡಿಸಿದ್ದು? ಏನು ತೆಗೆದರು, ಏನು ಸೇರಿಸಿದರು? ಇದು ಅದಲ್ಲ ಎಂದಷ್ಟೇ ಹ್ಯಾಶ್ ಹೇಳುತ್ತದೆ, ಮುಂದಕ್ಕೆ ತುಟಿ ಬಿಚ್ಚುವುದಿಲ್ಲ. ಬಿಡುವಾದಾಗ ಬಿಚ್ಚಿ ನೋಡಲೆಂದು ಒಂದು ಪ್ರತಿ ಎತ್ತಿಟ್ಟುಕೊಂಡಳು. ಆಮೇಲೆ ‘ಬೇಡ’ವನ್ನು ಹಾಕಿ, ಅದು ಕೇಳಿದ್ದಕ್ಕೆಲ್ಲ ಹೂಂ ಅಂದಳು.

ಅಕ್ಕ ಮಷೀನನ್ನು ಹೊಂದಿಸಿ ಅಪ್ಪನ ಕಿವಿಗೆ ಸಿಕ್ಕಿಸಿದಳು. ಅವರ ನಗು ನಿಂತಿತು. ಮುಖ ನಿಧಾನಕ್ಕೆ ಮೇಲೆದ್ದಿತು.

“ಫ್ಯಾನು ಕಿರುಗುಟ್ತಿದೆ” ಎಂದರು. “ಎಣ್ಣೆ ಬಿಡ್ಬಾರ್ದೇನ್ರೇ?”

ಅಕ್ಕತಂಗಿಯರಿಬ್ಬರೂ ತಲೆಯೆತ್ತಿ ಕಿವಿಗೊಟ್ಟರು. ಹೌದು, ಕಿರುಗುಟ್ಟುತ್ತಿತ್ತು.