ನೈರೋಬಿಯ ಕೂಸಿಗೆ ಎರೆದದ್ದು

ಕೊಣ್ಣೂರಿನ ಚರ್ಚಿನವರು ನಾವು ಸೇವೆ ಮಾಡಲೆಂದು ನೈರೋಬಿಯ ಅನಾಥಾಲಯಕ್ಕೆ ಬಂದಿದ್ದೇವೆ. ಉಳಿದವರಿಗೆ ಗೋಡೆಗೆ ಬಣ್ಣ ಬಳಿಯುವ ಕೆಲಸ ಸಿಕ್ಕಿತು. ನನಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಕುರ್ಚಿ.

"ಆಯಿ, ನೀವು ಕುಂತು ಪ್ರಾರ್ಥನಾ ಮಾಡ್ರಿ, ಸಾಕು," ಎಂದರು ಪಾಸ್ಟರು.

"ಕುಂದ್ರಾಕ ನಮ್ಮನಿ ಕಟ್ಟಿ ಇರಲಿಲ್ಲೇನ್ರಿ? ಇಷ್ಟ ದೂರ ವಿಮಾನ ಯಾಕ ಹತ್ತಿಸಿದ್ರಿ?" ಎಂದೆ.

ಅಷ್ಟರಲ್ಲಿ ಬಚ್ಚಲಿನಿಂದ ಕೂಸಿನ ಚೀರಾಟ ಕೇಳಿಸಿತು. ಹೋಗಿ ನೋಡಿದರೆ, ಅಲ್ಲಿಯ ಮೇಲ್ವಿಚಾರಕಿ ಅದನ್ನು ಟಬ್ಬಿನಲ್ಲಿ ಹಿಡಿದು ತೊಳೆಯುತ್ತಿದ್ದಳು. ಕೂಸು ಬಿಲ್ಲಿನಂತೆ ಸೆಟೆದಿತ್ತು. ದಿನಾ ಹೀಗೇ ಅಂತೆ, ಆಮೇಲೆ ಗೊತ್ತಾಯಿತು. ನಾನು ನೆಲಕ್ಕೆ ಕೂತು, ಸೀರೆಯನ್ನು ಮೊಣಕಾಲಿಗೇರಿಸಿ, ಕಾಲು ಚಾಚಿ, ಕೂಸನ್ನು ಇಸಿದುಕೊಂಡು ಕಾಲ ಮೇಲೆ ಮಲಗಿಸಿದೆ. ಆಕೆ ಗಾಬರಿಯಿಂದ ಏನೋ ಕೂಗಿದಳು.

"ಕೂಸು ಜಾರಿ ಬಿದ್ದೀತು ಅಂತಾರ್ರಿ, ಆಯಿ," ಎಂದರು ಹಿಂದೆಯೇ ಬಂದ ಪಾಸ್ಟರು.

"ನನ್ನ ಮೊಮ್ಮಕ್ಕಳೆಲ್ಲಾ ಈ ಕಾಲ ಮ್ಯಾಲ ದೊಡ್ಡವ್ರಾಗ್ಯಾರ. ಒಂದೂ ಜಾರಿಲ್ಲ ಅಂತ ಹೇಳ್ರಿ ಆಕಿಗೆ!"

ಊರಿನಿಂದ ತಂದಿದ್ದ ಕೊಬ್ಬರಿ ಎಣ್ಣೆ ತಿಕ್ಕಿ, ಚೆಂಬಿನಿಂದ ಬಿಸಿನೀರು ಎರೆದೆ. ಸೆಟೆದ ಮೈ ಸಡಿಲವಾಯಿತು, ಅಳು ನಿಂತಿತು. ಮೈ ಒರೆಸುವಷ್ಟರಲ್ಲಿ ಕೂಸಿಗೆ ನಿದ್ದೆ ಹತ್ತಿತ್ತು.

ಮೇಲ್ವಿಚಾರಕಿ ಬಾಯಿ ಮೇಲೆ ಕೈ ಇಟ್ಟು ನಿಂತಳು. ಆಮೇಲೆ ಒಳಗೆ ಹೋಗಿ ಇನ್ನೊಂದು ಕೂಸು ತಂದಳು, ಅದು ಮುಗಿದ ಮೇಲೆ ಮತ್ತೊಂದು.

ನನ್ನ ಕುರ್ಚಿಯ ಮೇಲೆ ಈಗ ಟವೆಲ್ಲುಗಳು ಕೂತಿವೆ.